ಹುಳುಕು ಪೆಟ್ಟಿಗೆ

ಆ ದಿನ ಬೆಳಿಗ್ಗೆ ಗಾಳಿ ಎಂಬುದೇ ಇರಲಿಲ್ಲ. ಮೋಡ ಕವಿದಿತ್ತು, ಆದರೆ ಅದು ಮಳೆಯಾಗುವ ಮೋಡವಲ್ಲ. ಯಾರೋ ಒದ್ದೆ ಕಂಬಳಿಯನ್ನು ಊರಿನ ಮೇಲೆ ಹರವಿ ಹಿಂಡುವುದನ್ನು ಮರೆತುಹೋದ ಹಾಗೆ ಬೆಳಕು ಭಾರವಾಗಿ ಜೋಲುಬಿದ್ದಿತ್ತು. ಹಿತ್ತಲ ತಂತಿಯ ಮೇಲೆ ಹೆಂಡತಿ ಹಿಂದಿನ ಸಂಜೆ ಹಾಕಿದ್ದ ಬಟ್ಟೆಗಳು ಒಣಗಿರಲಿಲ್ಲ, ಅಲುಗುತ್ತಲೂ ಇರಲಿಲ್ಲ. ಗಾಳಿ ಇಲ್ಲದ್ದರಿಂದಲೇ ಹಿಂದಿನ ಕೋಣೆಯಲ್ಲಿ, ಹುಳು ಹಿಡಿದ ಮರದ ಪೆಟ್ಟಿಗೆಯ ಬುಡದಲ್ಲಿ, ರಾತ್ರಿ ಉದುರಿದ ಪುಡಿ ಉದುರಿದ ಹಾಗೆಯೇ ಕೂತಿತ್ತು. ಒಂದೊಂದು ತೂತಿನ ಕೆಳಗೆ ಒಂದೊಂದು ಪುಟ್ಟ ಗುಪ್ಪೆ. ಹುರಿದ ಹಿಟ್ಟಿನ ಬಣ್ಣ. ಉಸಿರು ಬಿಟ್ಟರೆ ಕೆಡುತ್ತದೆಂದು ಅವನು ಮೂಗು ಮುಚ್ಚಿಕೊಂಡು ಕುಕ್ಕರಗಾಲಿನಲ್ಲಿ ಕೂತು ನೋಡಿದ. ಅಭ್ಯಾಸಬಲದಿಂದ ಜೇಬಿಗೆ ಕೈ ಹೋಯಿತು, ಮಡಿಸಿದ ಕಾಗದ ಹೊರಬಂತು, ಕಾಗದದ ಅಂಚಿನಿಂದ ಒಂದು ಗುಪ್ಪೆಯನ್ನು ಮೆಲ್ಲಗೆ ಎತ್ತಿಯೂ ಆಯಿತು. ಆಮೇಲೆ ನೆನಪಾಯಿತು, ಇವತ್ತು ಅತ್ತಿಗೆ ಬರುತ್ತಾರೆ. ಎತ್ತಿದ್ದನ್ನು ಮತ್ತೆ ಇದ್ದಲ್ಲೇ ಸುರಿಯಲೇ, ಮಡಿಸಿ ಜೇಬಿಗೆ ಹಾಕಲೇ ತಿಳಿಯದೆ, ಅನ್ನದ ತುತ್ತನ್ನು ಬಾಯಿಯ ಹತ್ತಿರ ಹಿಡಿದು ಯಾರೋ ಕರೆದರೆಂದು ತಡೆದವನಂತೆ, ಅವನು ಕಾಗದ ಹಿಡಿದುಕೊಂಡೇ ಕೂತ.

"ನಿಮ್ಮ ಮಕ್ಕಳಿಗೆ ತಿಂಡಿ ಆಯ್ತಾ?" ಬಾಗಿಲಲ್ಲಿ ಹೆಂಡತಿ. ಹುಳುಗಳನ್ನು ಅವಳು ಹಾಗೆಯೇ ಕರೆಯುವುದು.

"ಅತ್ತಿಗೆ ಎಷ್ಟೊತ್ತಿಗೆ ಬರ್ತಾರಂತೆ?"

"ಊಟ ಮುಗಿಸ್ಕೊಂಡು ಅಂದ್ರು. ಗಾಡಿಯವನನ್ನ ಜೊತೇಲೇ ಕರ್ಕೊಂಡು ಬರ್ತಾರಂತೆ. ನೀವು ಇರ್ತೀರೋ ಇಲ್ವೋ?"

"ಇವತ್ತು ಕಚೇರೀಲಿ ಓದು ಇದೆ. ಮುಗಿಸ್ಕೊಂಡು ಬಂದ್ಬಿಡ್ತೀನಿ."

"ಅಷ್ಟರೊಳಗೆ ಬಂದ್ರೆ ನಾನೇನಂತ ಹೇಳ್ಲಿ?"

ಅವನು ಕಾಗದವನ್ನು ಮಡಿಸಿದ. ಮಡಿಸುವುದರಲ್ಲಿ ಬಹಳ ಜಾಗ್ರತೆ ವಹಿಸಿದ.

"ನಾನೇನೂ ಹೇಳಲ್ಲ ರೀ," ಅಂದಳು ಹೆಂಡತಿ. ದನಿಯಲ್ಲಿ ಸಿಟ್ಟಿರಲಿಲ್ಲ, ಒಲೆಯ ಮೇಲಿನ ಹಾಲಿನ ವಿಷಯ ಹೇಳುವ ದನಿ. "ಪೆಟ್ಟಿಗೆ ನಿಮ್ಮ ಅತ್ತಿಗೇದು, ಹುಳ ನಿಮ್ಮದು. ಮಧ್ಯೆ ನನಗೇನು ಕೆಲಸ? ಚಳಿಗಾಲದಲ್ಲೇ ಸೀಮೆಎಣ್ಣೆ ಹಚ್ಚಿ ಅಂದೆ. ಎರಡು ದಿನ ತಡಿ ಅಂದ್ರಿ. ಆ ಎರಡು ದಿನ ಇನ್ನೂ ಮುಗಿದಿಲ್ಲ."

ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಚಳಿಗಾಲದ ಒಂದು ಬೆಳಗು ಕಸ ಗುಡಿಸುವಾಗ ಅವಳೇ ಅವನನ್ನು ಕೂಗಿ ಕರೆದು ತೋರಿಸಿದ್ದಳು. ಅವನು ಬಗ್ಗಿ ನೋಡಿದ್ದ, ಕಿವಿ ಹಚ್ಚಿ ಕೇಳಿದ್ದ. ಪೆಟ್ಟಿಗೆಯ ಒಡಲಲ್ಲಿ ಎಲ್ಲೋ ಕರ್ ಕರ್ ಎಂದು, ತಾಳ್ಮೆಯಿಂದ, ಬೇರೇನೂ ಕೆಲಸವಿಲ್ಲದವರ ನೆಮ್ಮದಿಯಿಂದ ಯಾರೋ ತಿನ್ನುತ್ತಿದ್ದರು. ಆಗ ಅವನ ಎದೆಯಲ್ಲಿ ಎದ್ದದ್ದು ಗಾಬರಿಯಲ್ಲ. ಅದು ಅವನಿಗೆ ಗೊತ್ತು, ಅವನ ದೇವರಿಗೆ ಗೊತ್ತು. ಎದ್ದದ್ದು ಸಂತೋಷ. ಕಳೆದುಹೋದದ್ದು ಕೈಗೆ ಸಿಕ್ಕಿದಂಥ ಸಂತೋಷ.

ಅವನು ಕೆಲಸ ಮಾಡುತ್ತಿದ್ದುದು ನಿಘಂಟಿನ ಕಚೇರಿಯಲ್ಲಿ. ಇಂಗ್ಲಿಷ್ ಪದಗಳಿಗೆ ನಮ್ಮ ಮಾತಿನಲ್ಲಿ ಅರ್ಥ ಬರೆಯುವ ಕೆಲಸ. ವರ್ಷಗಟ್ಟಲೆ ಮೊದಲ ಅಕ್ಷರದಿಂದ ತೆವಳಿಕೊಂಡು ಬಂದು ಕಚೇರಿ ಈಗ ಡಬ್ಲ್ಯೂ ಅಕ್ಷರಕ್ಕೆ ತಲುಪಿತ್ತು. ಅಲ್ಲಿಯ ಸಂಪಾದಕರನ್ನು ಎಲ್ಲರೂ ಮೇಷ್ಟ್ರು ಎಂದೇ ಕರೆಯುವುದು. ಅವರದೊಂದು ಕಟ್ಟುನಿಟ್ಟು ಇತ್ತು: ಕಣ್ಣಿಗೆ ಕಾಣುವಂಥ ಪದಾರ್ಥವಾದರೆ ಅದನ್ನು ನೋಡದೆ ಯಾರೂ ಅರ್ಥ ಬರೆಯಕೂಡದು. ನೋಡಿದರೆ ಸಾಲದು, ಒಂದಿಷ್ಟನ್ನು ತಂದು ಕಚೇರಿಯ ನಡುವಿನ ಮೇಜಿನ ಮೇಲಿಡಬೇಕು. ಎಲ್ಲರೂ ಮುಟ್ಟಿ, ಮೂಸಿ, ತಿರುಗಿಸಿ ನೋಡಬೇಕು. ಹಾಗೆ ಆ ಮೇಜಿನ ಮೇಲೆ ಪಾಚಿ ಬಂದಿತ್ತು, ತುಕ್ಕು ಬಂದಿತ್ತು, ಒಮ್ಮೆ ಒಂದು ಕತ್ತೆಯ ಲಾಳವೂ ಬಂದಿತ್ತು. ಅವನ ಪಾಲಿಗೆ ಬಂದದ್ದು ಹುಳು ತಿಂದು ಕೆಟ್ಟದ್ದನ್ನು ಹೇಳುವ ಒಂದು ಗುಣವಾಚಕ, ವರ್ಮ್-ಈಟನ್. ಹುಳು ತಿಂದ ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ತಿಂದದ್ದೆಲ್ಲ ಒಂದೇ ಅಲ್ಲವಲ್ಲ. ಎಲೆಯನ್ನು ಹುಳು ತಿಂದರೆ ಎಲೆ ಇರುವುದಿಲ್ಲ. ಗೆದ್ದಲು ತಿನ್ನುವುದಾದರೆ ಮಣ್ಣು ಮೆತ್ತಿ, ತಾನು ಬಂದಿದ್ದೇನೆಂದು ಸಾರಿಯೇ ತಿನ್ನುತ್ತದೆ. ಧಾನ್ಯಕ್ಕೆ ನುಸಿ ಹಿಡಿದರೆ ಮೊರದಲ್ಲಿ ಹಾಕಿದೊಡನೆ ಗೊತ್ತಾಗುತ್ತದೆ. ಬಟ್ಟೆಗೆ ಇಂಗ್ಲಿಷಿನವರೇ ಬೇರೆ ಪದ ಇಟ್ಟುಕೊಂಡಿದ್ದಾರೆ. ಈ ಪದದೊಳಗೆ ಇದ್ದದ್ದು ಇನ್ನೊಂದು ಬಗೆ: ಮರವೋ ಹಣ್ಣೋ ಹೊರಗಿನಿಂದ ಇದ್ದ ಹಾಗೇ ಇದೆ, ಒಳಗೆ ಮಾತ್ರ ಇಲ್ಲ. ಹಲ್ಲಿಗಾದರೆ ನಾವು ಹುಳುಕು ಅನ್ನುತ್ತೇವೆ. ಮರಕ್ಕೂ ಅನ್ನಬಹುದೇ? ಎಷ್ಟು ತಿಂದರೆ ಹುಳುಕು? ಒಂದು ತೂತಿಗೇ ಅನ್ನಬಹುದೋ, ಪೂರ್ತಿ ಟೊಳ್ಳಾದ ಮೇಲೋ? ಇದನ್ನೆಲ್ಲ ಕಾಣದೆ ಬರೆಯುವುದು ಹೇಗೆ ಎಂದು ಅವನು ಹಲವು ವಾರ ಒದ್ದಾಡಿದ್ದ. ಆಗ ತನ್ನ ಮನೆಯ ಹಿಂದಿನ ಕೋಣೆಯಲ್ಲೇ, ತಾನಾಗಿಯೇ, ಭಗವಂತ ಕೈಯಾರೆ ಕಳಿಸಿದ ಹಾಗೆ, ಕರ್ ಕರ್.

ಎರಡು ದಿನ ತಡಿ, ಅಂದಿದ್ದ. ನೋಡೋಣ, ಹೇಗೆ ಹೋಗುತ್ತದೆ.

ಬೀದಿಗೆ ಬಂದಾಗಲೂ ಗಾಳಿ ಇರಲಿಲ್ಲ. ಬೇಕರಿಯ ಹೊಗೆ ಮೇಲೇರದೆ ಛಾವಣಿಯ ಅಂಚಿನಲ್ಲೇ ತೂಗಾಡುತ್ತಿತ್ತು. ಈಚೆಗೆ ಅವನಿಗೊಂದು ಚಾಳಿ ಅಂಟಿಕೊಂಡಿತ್ತು: ದಾರಿಯ ಮರದ ವಸ್ತುಗಳನ್ನೆಲ್ಲ ಬೆರಳ ಗೆಣ್ಣಿನಿಂದ ತಟ್ಟುವುದು. ಅಂಗಡಿಯ ಕದ, ಬಸ್ಸು ನಿಲ್ದಾಣದ ಬೆಂಚು, ದೂರವಾಣಿ ಕಂಬ. ಗಟ್ಟಿ ಇದ್ದರೆ ಒಂದು ದನಿ, ಟೊಳ್ಳಾಗಿದ್ದರೆ ಇನ್ನೊಂದು. ಇವತ್ತು ಯಾವುದು ಯಾವುದೆಂದು ಕಿವಿಗೆ ಹತ್ತಲಿಲ್ಲ. ಎಲ್ಲವೂ ಒಂದೇ ಬಗೆಯಲ್ಲಿ ಟಕ್ ಎಂದವು. ಬೆಂಚಿನ ಮೇಲೆ ಕೂತಿದ್ದ ಮುದುಕನೊಬ್ಬ, "ಒಳಗೆ ಯಾರೂ ಇಲ್ಲಪ್ಪ, ಮುಂದೆ ಹೋಗು," ಅಂದ. ಸುತ್ತಲಿದ್ದವರು ನಕ್ಕರು. ಅವನೂ ನಕ್ಕ. ನಗು ತಡವಾಗಿ ಬಂದು ಬೇಗ ಹೋಯಿತು. ಪೆಟ್ಟಿಗೆಯನ್ನು ಎತ್ತುವಾಗ ಅದು ತಡೆಯುತ್ತದೋ ಇಲ್ಲವೋ. ತಡೆಯಲಿ ದೇವರೇ ಎಂದು ಬೇಡಿಕೊಂಡ. ಬೇಡಿಕೊಂಡದ್ದರ ಹಿಂದೆಯೇ, ಅವನದೇ ಮನಸ್ಸಿನ ಬೇರೊಂದು ಮೂಲೆಯಿಂದ, ತಡೆಯದೆ ಹೋದರೆ ಹೇಗೆ ಬೀಳಬಹುದು ಎಂಬ ಲೆಕ್ಕಾಚಾರ ಹೊರಟಿತು. ಮೊದಲು ಯಾವ ಮೂಲೆ, ಆಮೇಲೆ ಯಾವ ಹಲಗೆ.

ಆ ಪೆಟ್ಟಿಗೆಯ ಮೇಲೆ ಅವನು ಮಲಗಿ ಬೆಳೆದವನು. ಅಮ್ಮ ತೀರಿಕೊಂಡ ಮೇಲೆ ಅಣ್ಣ ಅವನನ್ನು ತನ್ನ ಮನೆಗೆ ಕರೆತಂದ. ಮನೆ ಅಂದರೆ ಒಂದು ಕೋಣೆ, ಅಡುಗೆಗೆ ಒಂದು ಮರೆ. ಗಂಡ ಹೆಂಡತಿ, ತೊಟ್ಟಿಲಲ್ಲಿ ಹೆಣ್ಣುಕೂಸು. ಅವನನ್ನು ಬಾಗಿಲಲ್ಲಿ ನಿಲ್ಲಿಸಿ ಅಣ್ಣ, ಇವನನ್ನ ಎಲ್ಲಿ ಮಲಗಿಸೋದು ಅಂತ ಹೆಂಡತಿಯ ಮುಖ ನೋಡಿದ್ದ. ಅತ್ತಿಗೆ ಒಂದು ಗಳಿಗೆ ಸುತ್ತ ಕಣ್ಣು ಹಾಯಿಸಿ, ತನ್ನ ತವರಿನಿಂದ ತಂದ ಪೆಟ್ಟಿಗೆಯ ಮೇಲಿದ್ದ ಪಾತ್ರೆಗಳನ್ನೆಲ್ಲ ಕೆಳಗಿಳಿಸಿ, ಮುಚ್ಚಳವನ್ನು ಸೆರಗಿನಿಂದ ಒರೆಸಿ, ಕಂಬಳಿ ಹಾಸಿ, "ಇಲ್ನೋಡು ಪುಟ್ಟ, ನಿನಗೆ ಮಂಚ," ಅಂದಿದ್ದರು. ಕಾಲು ಹೊರಕ್ಕೆ ಚಾಚುವಷ್ಟು ಉದ್ದವಾಗುವ ತನಕ ಅವನು ಮಲಗಿದ್ದು ಅಲ್ಲೇ. ಆಮೇಲೂ ಒಂದು ವರ್ಷ, ಕಾಲಿನ ಕೆಳಗೆ ಸ್ಟೂಲು ಇಟ್ಟುಕೊಂಡು. ಪಾತ್ರೆಗಳು ಆ ವರ್ಷಗಳೆಲ್ಲ ನೆಲದ ಮೇಲೇ ಇದ್ದವು, ಯಾರಾದರೂ ಎಡವುತ್ತಲೇ ಇದ್ದರು.

ಅಣ್ಣ ಹೋದ ಮೇಲೆ ಅತ್ತಿಗೆ ಬಾಡಿಗೆಮನೆ ಖಾಲಿ ಮಾಡಬೇಕಾಯಿತು. ಮಗಳು ಆಗಷ್ಟೇ ಸಂಸಾರ ಹೂಡಿದ್ದಳು, ಅವಳಿಗೂ ಒಂದೇ ಕೋಣೆ. ಅತ್ತಿಗೆ ಇವನ ಮನೆಗೆ ಬಂದು, ಚಹಾ ಕುಡಿದು, ಲೋಟ ತೊಳೆದಿಟ್ಟು, ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ನೋಡಿದ್ದರು. "ಕೋಣೆ ಚೆನ್ನಾಗಿದೆ," ಅಂದಿದ್ದರು. ಅಷ್ಟೇ. ಹೆಂಡತಿ ಅವನ ಕಡೆ ನೋಡಿದ್ದಳು, ಹೇಳಿ ಎಂಬಂತೆ. ಅವನಿಗೆ ಆ ಕೋಣೆ ತನ್ನ ಪುಸ್ತಕಗಳಿಗೆ, ಚೀಟಿಗಳಿಗೆ, ಭಾನುವಾರಗಳಿಗೆ ಬೇಕಾಗಿತ್ತು. "ತೇವ ಅತ್ತಿಗೆ," ಅಂದಿದ್ದ, "ಗೋಡೆಯೆಲ್ಲ ತೇವ. ನಿಮ್ಮ ಕೀಲುನೋವಿಗೆ ಆಗಿಬರಲ್ಲ." "ಹೌದಲ್ವಾ," ಅಂದಿದ್ದರು ಅತ್ತಿಗೆ. ಗೋಡೆಯ ಮೇಲೆ ಒಮ್ಮೆ ಅಂಗೈ ಇಟ್ಟು ತೆಗೆದು, "ಹಂಗಾದ್ರೆ ಪೆಟ್ಟಿಗೆ ಒಂದು ಇಟ್ಕೊಂಡಿರು. ಜಾಗ ಆದಾಗ ತಗೊಂಡೋಗ್ತೀನಿ." ಹಾಗೆ ಅತ್ತಿಗೆಗೆ ತೇವವಾದ ಕೋಣೆಯಲ್ಲಿ ಪೆಟ್ಟಿಗೆ ಬಂದು ಕೂತಿತು. ಈಗ ಮಗಳಿಗೆ ಎರಡು ಕೋಣೆಯ ಮನೆ ಸಿಕ್ಕಿದೆ, ಮೊಮ್ಮಗಳು ಹುಟ್ಟಿದ್ದಾಳೆ. ಮೊನ್ನೆ ಫೋನಿನಲ್ಲಿ ಅತ್ತಿಗೆಯ ದನಿ ಹುಡುಗಿಯ ದನಿಯ ಹಾಗಿತ್ತು. "ಕೂಸಿನ ಬಟ್ಟೆಬರೆ ಇಡೋಕೆ ಆಗುತ್ತೆ. ಸ್ವಲ್ಪ ದೊಡ್ಡವಳಾದ್ರೆ ಮೇಲೆ ಮಲಗಿಸ್ಬಹುದು, ನೀನು ಮಲಗ್ತಿದ್ಯಲ್ಲ, ಹಂಗೆ."

ಕಚೇರಿಯಲ್ಲಿ ಎಲ್ಲರೂ ಆಗಲೇ ಮೇಜಿನ ಸುತ್ತ ಸೇರಿದ್ದರು. ಮೇಜಿನ ನಡುವೆ ಅವನ ಡಬ್ಬಿ. ಹಳೆಯ ಚಹಾಪುಡಿಯ ತಗಡಿನ ಡಬ್ಬಿ, ಚಳಿಗಾಲದಿಂದ ಅಲ್ಲೇ ಇತ್ತು. ದಿನ ಬಿಟ್ಟು ದಿನ ಅವನು ಮನೆಯಿಂದ ಮಡಿಸಿ ತಂದ ಪುಡಿಯನ್ನು ಅದಕ್ಕೆ ಹಾಕುತ್ತಿದ್ದ. ಮೊದಮೊದಲು ತಳ ಕಾಣುತ್ತಿತ್ತು. ಈಗ ಕಂಠಮಟ್ಟ ತುಂಬಿ, ಮುಚ್ಚಳವನ್ನು ಒತ್ತಿ ಹಾಕಬೇಕಾಗಿತ್ತು. ಜೇಬಿನ ಕಾಗದವನ್ನು ತೆಗೆದು ಇವತ್ತಿನದನ್ನೂ ಸುರಿದ. ಅವನು ಸುರಿಯುವಾಗ ಪಕ್ಕದಲ್ಲಿ ಕೂತಿದ್ದ ವಿಸರ್ಗ ಬಗ್ಗಿ ನೋಡಿದ. ಪ್ರತಿ ಮಾತಿನ ಕೊನೆಗೂ ಹಹ ಎಂದು ಉಸಿರು ಬಿಡುವುದರಿಂದ ಅವನಿಗೆ ಆ ಹೆಸರು.

"ನಿಮ್ಮ ಫಸಲು ಚೆನ್ನಾಗಿ ಬಂದಿದೆ, ಹಹ. ನನ್ನ ಪಾಲಿಗೆ ಯುದ್ಧ ಬಂದಿದೆ. ಏನು ತಂದು ಮೇಜಿನ ಮೇಲಿಡ್ಲಿ ಹೇಳಿ."

"ಮನೆಗೆ ಹೋಗಿ ಹೆಂಡ್ತೀನ ಕರ್ಕೊಂಡು ಬನ್ನಿ," ಅಂದಳು ಟೈಪು ಮಾಡುವಾಕೆ, ತಲೆ ಎತ್ತದೆ. ಕಚೇರಿ ನಕ್ಕಿತು.

ಮೇಷ್ಟ್ರು ಕನ್ನಡಕ ಏರಿಸಿ ಓದತೊಡಗಿದರು. ಅವರು ಓದುವುದು ದೇವರ ಮುಂದೆ ಓದಿದ ಹಾಗೆ, ಒಂದೊಂದೇ ಮಾತನ್ನು ಇಳಿಸಿಟ್ಟು. "ಗುಣವಾಚಕ. ಮರ, ಹಣ್ಣು, ಬೇರು ಮುಂತಾದವುಗಳ ವಿಷಯದಲ್ಲಿ: ಹುಳು ಕೊರೆದ, ಹುಳುಕಾದ, ಹೊರರೂಪ ಉಳಿದಿದ್ದೂ ಒಳಗೆ ಸವೆದು ಟೊಳ್ಳಾದ. ರೂಢಿಯಲ್ಲಿ: ಹಳತಾಗಿ ಕೆಲಸಕ್ಕೆ ಬಾರದ." ನಿಲ್ಲಿಸಿ, ತಲೆಯಾಡಿಸಿದರು. "ಹೊರರೂಪ ಉಳಿದಿದ್ದೂ. ಇದು ಕೂತು ಕಂಡವನ ಮಾತು. ಹುಳು ತಿಂದ ಅಂತ ಎಲ್ಲರೂ ಬರೀತಾರೆ, ಇದನ್ನ ಬರೆಯೋಕೆ ತಿಂಗಳುಗಟ್ಟಲೆ ಕಾಯಬೇಕು." ಎಲ್ಲರ ಮುಖಗಳು ಅವನ ಕಡೆ ತಿರುಗಿದವು. ಇಷ್ಟು ವರ್ಷಗಳಲ್ಲಿ ಮೇಷ್ಟ್ರು ಅವನನ್ನು ಹೀಗೆ ಹೊಗಳಿದ್ದು ಇದೇ ಮೊದಲು. ಕಿವಿ ಬಿಸಿಯಾಯಿತು. ಆ ಬಿಸಿ ಹೆಮ್ಮೆಯದೋ ಬೇರೆಯದೋ ಎಂದು ಅವನು ಹುಡುಕುತ್ತಿರುವಾಗಲೇ ಮೇಷ್ಟ್ರು ಪ್ರಯೋಗದ ವಾಕ್ಯಕ್ಕೆ ಬಂದಿದ್ದರು. "ನೋಡಲು ಗಟ್ಟಿಯಾಗಿದ್ದ ಹುಳುಕು ಪೆಟ್ಟಿಗೆಯನ್ನು ಎತ್ತಿದಾಗ ತಳ ನೆಲದ ಮೇಲೇ ಉಳಿಯಿತು."

ಅವರು ಚೀಟಿಯನ್ನು ಕೆಳಗಿಟ್ಟರು. "ಇದನ್ನ ಕಂಡಿದೀರಾ?"

"ಪೆಟ್ಟಿಗೆ ಕಂಡಿದೀನಿ ಮೇಷ್ಟ್ರೇ."

"ತಳ ಉಳಿದದ್ದು?"

"ಉಳಿಯುತ್ತೆ. ತಟ್ಟಿ ನೋಡಿದೀನಿ. ಎತ್ತಿದ್ರೆ ಖಂಡಿತ..." ಅವನಿಗೆ ತನ್ನ ದನಿಯೇ ಕೇಳಿಸಿತು. ಅದರಲ್ಲಿ ಭರವಸೆ ಇತ್ತು. ಮಳೆ ಬಂದೇ ಬರುತ್ತದೆ ಎಂದು ಹೇಳುವವರ ಭರವಸೆ.

"ಎತ್ತಿಲ್ಲ ಅಂದ್ಮೇಲೆ ಕಂಡಿಲ್ಲ. ಇದು ಪ್ರಯೋಗ ಅಲ್ಲ, ಬಯಕೆ," ಅಂದರು ಮೇಷ್ಟ್ರು, ಮೆತ್ತಗೆ. ವಾಕ್ಯದ ಮೇಲೆ ಗೀಟು ಎಳೆದು ಚೀಟಿಯನ್ನು ಅವನ ಮುಂದಕ್ಕೆ ಸರಿಸಿದರು. "ಅರ್ಥ ಇರಲಿ. ವಾಕ್ಯ ಕಂಡ ಮೇಲೆ ಕೊಡಿ."

ಬಯಕೆ ಎಂಬ ಮಾತು ಮೇಜಿನ ಮೇಲೆ ಡಬ್ಬಿಯ ಪಕ್ಕದಲ್ಲೇ ಕೂತಿತು. ಅದನ್ನು ಯಾರೂ ಮುಟ್ಟಲಿಲ್ಲ, ಮೂಸಲಿಲ್ಲ. ಟೈಪು ಮಾಡುವಾಕೆ ಮಾತ್ರ ಡಬ್ಬಿಯನ್ನು ಕೈಗೆತ್ತಿಕೊಂಡು ತೂಗಿ ನೋಡಿ, "ಇಷ್ಟೊಂದು ಉದುರೋ ತನಕ ಪೆಟ್ಟಿಗೆಯವರು ಸುಮ್ನಿದ್ರಾ? ಯಾರದ್ದು ಇದು?" ಅಂದಳು.

"ನಮ್ಮನೇದೇ," ಅಂದ ಅವನು. ಸುಳ್ಳಲ್ಲ ಅನಿಸಿತು. ನಿಜವೂ ಅಲ್ಲ.

"ಮನೇದೇ ಆದ್ರೆ ಎಣ್ಣೆ ಹಚ್ಚೋದಲ್ವಾ? ನಮ್ಮಪ್ಪ ಹಂಗೇ ಮಾಡೋರು. ಮೂರು ಸಲ ಹಚ್ಚಿದ್ರೆ ಒಂದೂ ಉಳಿಯಲ್ಲ."

"ಹಚ್ಚಿದ್ರೆ ಅರ್ಥ ಎಲ್ಲಿಂದ ಬರ್ತಿತ್ತು, ಹಹ," ಅಂದ ವಿಸರ್ಗ. ಈ ಸಲ ಕಚೇರಿ ನಗಲಿಲ್ಲ. ಮೇಷ್ಟ್ರು ಮುಂದಿನ ಚೀಟಿ ತೆಗೆಯುತ್ತಾ, ಓದು ಮುಗಿದ ವಸ್ತುವಿನ ಬಗ್ಗೆ ಯಾವಾಗಲೂ ಹೇಳುವ ಮಾತನ್ನೇ ಹೇಳಿದರು. ಲಾಳದ ದಿನವೂ ಇದನ್ನೇ ಹೇಳಿದ್ದರು. "ಯಾರದ್ದೋ ಅವರಿಗೆ ಮುಟ್ಟಿಸ್ಬಿಡಿ."

ಅರ್ಧ ದಿನದ ರಜೆ ಬರೆದುಕೊಟ್ಟು, ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಬಿದ್ದ. ಚೀಲ ಒಂದು ಹೆಗಲಿಗೆ ಭಾರವಾಗಿ ಜಗ್ಗುತ್ತಿತ್ತು. ಇಷ್ಟು ಹಗುರವಾದ ಪುಡಿ ಹೀಗೇಕೆ ಜಗ್ಗಬೇಕು? ಮರದ ತೂಕವೆಲ್ಲ ಇದರಲ್ಲೇ ಇದೆಯಲ್ಲ ಎಂದು ಹೊಳೆಯಿತು. ಹಾಗಾದರೆ ಮನೆಯಲ್ಲಿ ಕೂತಿರುವುದು ಏನು? ಮೂಲೆ ತಿರುಗುವಾಗ ಡಬ್ಬಿಯನ್ನು ಚರಂಡಿಗೆ ಸುರಿದು ಹೋಗಿಬಿಡೋಣ ಅನಿಸಿತು. ನಿಂತ. ಮುಚ್ಚಳಕ್ಕೆ ಉಗುರು ಹಾಕಿದ. ಬೆಳಗಿನ ಮೋಡ ಇನ್ನೂ ಹಾಗೇ ಇತ್ತು, ಹಿಂಡದ ಕಂಬಳಿ. ಚರಂಡಿಯ ಕಪ್ಪು ನೀರಿನ ಮೇಲೆ ಹಿಟ್ಟಿನ ಬಣ್ಣದ ಪುಡಿ ತೇಲುವುದು ಕಣ್ಣಿಗೆ ಕಟ್ಟಿತು, ಅದರ ಮೇಲೆ ಒಬ್ಬ ಹುಡುಗ ಮಂಡಿ ಮಡಚಿ ಮಲಗಿದ್ದಾನೆ. ಉಗುರು ತೆಗೆದ. ಹುಳುಗಳ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದ, ಆಗಲಿಲ್ಲ. ಅವು ತಮಗೆ ಮೇಲಿನವನು ಇಟ್ಟ ಊಟವನ್ನು ಉಂಡವು, ಯಾರ ಮುಖವನ್ನೂ ನೋಡಿ ಉಣ್ಣಲಿಲ್ಲ. ಕಿವಿ ಹಚ್ಚಿ ಕೇಳುತ್ತ ಕೂತವನು ತಾನು.

ಮನೆಯ ಮುಂದೆ ತಳ್ಳುಗಾಡಿ ನಿಂತಿತ್ತು. ಅತ್ತಿಗೆ ಮೆಟ್ಟಿಲ ಮೇಲೆ ಕೂತು ಗಾಡಿಯವನಿಗೆ ನೀರು ಕೊಡಿಸುತ್ತಿದ್ದರು. ಇವನನ್ನು ಕಂಡು ಎದ್ದರು, ಮಂಡಿಯ ಮೇಲೆ ಕೈಯೂರಿ, ಸ್ವಲ್ಪ ಸ್ವಲ್ಪವಾಗಿ.

"ಏನೋ ಪುಟ್ಟ, ಹೆಗಲು ಒಂದು ಕಡೆ ವಾಲಿದೆ? ಅಷ್ಟೊಂದು ಏನು ಹೊತ್ಕೊಂಡು ಬಂದೆ?"

"ಕಚೇರೀದು ಅತ್ತಿಗೆ."

"ಊಟ ಮಾಡಿದ್ಯಾ? ಮುಖ ಬಾಡಿದೆ. ಇವನಿಗೆ ನೀನು ಹೊಟ್ಟೆ ತುಂಬ ಹಾಕಲ್ವೇನಮ್ಮ?"

"ಇವರು ಹಾಕೋದೇ ಹೆಚ್ಚು," ಅಂದಳು ಹೆಂಡತಿ. ಅವನ ಕಡೆ ನೋಡಲಿಲ್ಲ.

ಎಲ್ಲರೂ ಹಿಂದಿನ ಕೋಣೆಗೆ ಹೋದರು. ಬೆಳಗಿನ ಗುಪ್ಪೆಗಳನ್ನು ಹೆಂಡತಿ ಗುಡಿಸಿರಲಿಲ್ಲ. ಗುಡಿಸಬಹುದಿತ್ತು, ಅಥವಾ ಗುಡಿಸದೆ ಇದ್ದದ್ದೇ ಸರಿಯೋ. ಅತ್ತಿಗೆ ಪೆಟ್ಟಿಗೆಯ ಮುಂದೆ ನಿಂತು, ಬಹಳ ದಿನದ ಮೇಲೆ ಕಂಡ ಮಗುವಿನ ತಲೆ ಸವರುವ ಹಾಗೆ ಮುಚ್ಚಳದ ಮೇಲೆ ಕೈಯಾಡಿಸಿದರು. ಕೈ ಅಂಚಿಗೆ ಬಂತು. ಹೆಬ್ಬೆರಳು ಹಲಗೆಯೊಳಕ್ಕೆ, ಬೆಂದ ಗೆಡ್ಡೆಯೊಳಕ್ಕೆ ಇಳಿಯುವ ಹಾಗೆ, ಸದ್ದಿಲ್ಲದೆ ಇಳಿಯಿತು. ಅವರು ಬೆರಳನ್ನು ಹಿಂದಕ್ಕೆ ತೆಗೆದು ನೋಡಿಕೊಂಡರು. ತೂತನ್ನು ನೋಡಿದರು. ನೆಲದ ಗುಪ್ಪೆಗಳನ್ನು ನೋಡಿದರು.

"ಯಾವಾಗಿಂದ ಪುಟ್ಟ?"

ಅವನ ಬಾಯಲ್ಲಿ ಮಾತು ತಾನಾಗಿ ತಯಾರಾಗಿತ್ತು. ಯಾವಾಗ ತಯಾರಾಯಿತೋ ಅವನಿಗೇ ತಿಳಿಯದು. "ಇವತ್ತು ಬೆಳಿಗ್ಗೆ ನೋಡಿದ್ದು ಅತ್ತಿಗೆ. ಗೊತ್ತೇ ಆಗ್ಲಿಲ್ಲ."

ಹೆಂಡತಿ ಕಿಟಕಿಯ ಹತ್ತಿರ ಹೋಗಿ ನಿಂತಳು. ಹೊರಗೆ ನೋಡುವಂಥದು ಏನೂ ಇರಲಿಲ್ಲ.

"ಹೇಗೆ ಗೊತ್ತಾಗ್ಬೇಕು," ಅಂದರು ಅತ್ತಿಗೆ. "ಒಳಗೊಳಗೇ ತಿಂತವೆ, ಹಾಳಾದವು. ನಾನು ಇದ್ದಿದ್ರೂ ಗೊತ್ತಾಗ್ತಿರ್ಲಿಲ್ಲ." ಆಮೇಲೆ, ಗೋಡೆಯ ಮೇಲೆ ಹಿಂದೊಮ್ಮೆ ಇಟ್ಟಿದ್ದಂತೆಯೇ ಅಂಗೈ ಇಟ್ಟು ತೆಗೆದರು. "ಈ ಕೋಣೆ ತೇವ ಅಂತ ನೀನು ಅವತ್ತೇ ಹೇಳಿದ್ದೆ. ನಾನೇ ಕೇಳ್ಲಿಲ್ಲ."

ಅವನು ಅವರ ಮುಖ ಹುಡುಕಿದ. ಚುಚ್ಚಿದ್ದೇ? ಸಮಾಧಾನ ಹೇಳಿದ್ದೇ? ಸುಕ್ಕುಗಟ್ಟಿದ ಆ ಮುಖ ಯಾವಾಗಲೂ ಇದ್ದ ಹಾಗೆಯೇ ಇತ್ತು, ಅವನಿಗೆ ಊಟ ಬಡಿಸುವಾಗ ಇದ್ದ ಹಾಗೆ, ಜ್ವರ ಬಂದಾಗ ಹಣೆ ಮುಟ್ಟಿ ನೋಡುವಾಗ ಇದ್ದ ಹಾಗೆ. ದಿನವೂ ಪದಗಳ ಅರ್ಥ ಹುಡುಕಿ ಅನ್ನ ತಿನ್ನುವವನಿಗೆ ಆ ಒಂದು ಮಾತಿನ ಅರ್ಥ ಹತ್ತಲಿಲ್ಲ. ಚುಚ್ಚಿದ್ದಾಗಿದ್ದರೆ ಒಳ್ಳೆಯದಿತ್ತು ಅನಿಸಿತು. ಚುಚ್ಚಿದರೆ ನೋವಾದರೂ ಆಗುತ್ತದೆ.

"ಎತ್ತಲಾ ಅಮ್ಮ?" ಅಂದ ಗಾಡಿಯವನು. ಅವನಿಗೆ ಇನ್ನೊಂದು ಬಾಡಿಗೆ ಕಾಯುತ್ತಿತ್ತು.

"ಎತ್ತಪ್ಪ. ಇದ್ದಷ್ಟು ಇರ್ಲಿ, ಒಯ್ಯೋಣ."

ಗಾಡಿಯವನು ಒಂದು ಕಡೆ, ಇವನು ಒಂದು ಕಡೆ. ಕೈಗೆ ಹಿಡಿಕೆಗಳು ಸಿಕ್ಕಿದವು. ಹುಡುಗನಾಗಿದ್ದಾಗ ಬೆಳಿಗ್ಗೆ ಎದ್ದ ತಕ್ಷಣ ಕಾಲ್ಬೆರಳಿಗೆ ತಾಗುತ್ತಿದ್ದ ತಣ್ಣಗಿನ ಹಿತ್ತಾಳೆ. ಎತ್ತಿದರು. ಪೆಟ್ಟಿಗೆ ಎದ್ದಿತು. ಇಷ್ಟು ಸುಲಭವಾಗಿ ಎದ್ದೀತೆಂದು ತಿಳಿಯದೆ ಇಬ್ಬರೂ ಒಂದು ಹೆಜ್ಜೆ ಹಿಂದಕ್ಕೆ ಜೋಲಿ ಹೊಡೆದರು. ಸದ್ದೇನೂ ಆಗಲಿಲ್ಲ. ಕೆಳಗೆ ನೋಡಿದರೆ ತಳ ನೆಲದ ಮೇಲೇ ಉಳಿದಿತ್ತು. ತಳದ ಮೇಲೆ, ಮಡಿಸಿದ ಮಡಿಕೆ ಕೆಡದೆ, ಅವನಿಗೆ ಹಾಸುತ್ತಿದ್ದ ಕಂಬಳಿ ಕೂತಿತ್ತು. ಯಾರೋ ಮಲಗಲು ಬರುತ್ತಾರೆಂದು ಈಗಷ್ಟೇ ಇಟ್ಟ ಹಾಗೆ.

ಕಂಡೆ, ಅಂದಿತು ಅವನೊಳಗೆ ಒಂದು ದನಿ. ಸ್ಪಷ್ಟವಾಗಿ, ನಲಿವಿನಿಂದ, ಅಂದಿತು. ವಾಕ್ಯ ನಿಜವಾಗಿತ್ತು, ಒಂದು ಪದವನ್ನೂ ಬದಲಿಸಬೇಕಾಗಿರಲಿಲ್ಲ. ಜೇಬಿನಲ್ಲಿದ್ದ ಗೀಟು ಹೊಡೆದ ಚೀಟಿ ಅವನ ಎದೆಗೆ ತಾಗಿತು. ಆ ನಲಿವು ಅರೆಗಳಿಗೆಯಷ್ಟೇ ಇದ್ದದ್ದು. ಆದರೆ ಇತ್ತು. ಖಾಲಿ ಚೌಕಟ್ಟನ್ನು ಕೈಯಲ್ಲಿ ಹಿಡಿದುಕೊಂಡು, ಎದುರಿಗೆ ಅತ್ತಿಗೆ ಮಂಡಿಯೂರಿ ಕಂಬಳಿ ಎತ್ತಿಕೊಳ್ಳುತ್ತಿರುವುದನ್ನು ನೋಡುತ್ತ, ಅದು ಇತ್ತೆಂಬುದನ್ನು ಇನ್ನು ಮುಂದೆ ಎಲ್ಲಿ ಇಡಬೇಕೆಂದು ಅವನಿಗೆ ತಿಳಿಯಲಿಲ್ಲ.

"ಅಮ್ಮಾ," ಅಂದ ಗಾಡಿಯವನು, "ಇದಕ್ಕೆ ಗಾಡಿ ಯಾಕೆ, ಒಂದು ಚೀಲ ಸಾಕಿತ್ತು."

"ನಿನ್ನ ಬಾಡಿಗೆಗೇನೂ ಕಮ್ಮಿ ಮಾಡಲ್ಲ, ನಡಿಯಪ್ಪ." ಅತ್ತಿಗೆ ಕಂಬಳಿಯನ್ನು ಕೊಡವಿ, ಬೆಳಕಿಗೆ ಹಿಡಿದು ನೋಡಿದರು. "ಇದಕ್ಕೇನೂ ಆಗಿಲ್ಲ ನೋಡು. ಮರ ತಿನ್ನೋ ಹುಳ ಉಣ್ಣೆ ಮುಟ್ಟಲ್ಲ. ಕೂಸಿಗೆ ಇದು ಆಗುತ್ತೆ. ಮುಚ್ಚಳದಲ್ಲಿ ಎಲ್ಲಾದ್ರೂ ಗಟ್ಟಿ ಉಳಿದಿದ್ರೆ ಅಳಿಯ ಏನಾದ್ರೂ ಮಾಡ್ತಾನೆ. ಒಂದು ಮಣೆಯಾದ್ರೂ."

ಕೆಳಗಿಟ್ಟೊಡನೆ ಚೌಕಟ್ಟೂ ಕಳಚಿಕೊಂಡಿತು. ಬಿಡಿ ಹಲಗೆಗಳನ್ನು ಒಂದೊಂದಾಗಿ ಗಾಡಿಗೆ ಸಾಗಿಸಿದರು. ಕೆಲವು ದಾರಿಯಲ್ಲೇ ಮುರಿದವು. ಗಾಡಿಯವನು ಹಗ್ಗ ಬಿಗಿಯಲು ಹೋಗಿ, ಬಿಗಿದರೆ ಕಿತ್ತುಹೋಗುತ್ತದೆಂದು ಸಡಿಲವಾಗಿಯೇ ಕಟ್ಟಿದ. ಹೆಂಡತಿ ಒಳಗೆ ಹೋಗಿ ಏನೋ ಹಣ್ಣು ತಂದು ಅತ್ತಿಗೆಯ ಕೈಗಿಟ್ಟಳು. ಅತ್ತಿಗೆ ಮಂಡಿ ನೀವಿಕೊಂಡು, ಗಾಡಿಯ ಹಿಂದೆ ನಡೆಯಲು ಸೆರಗು ಸಿಕ್ಕಿಸಿಕೊಂಡರು.

"ಬರ್ತೀನಿ ಪುಟ್ಟ. ಬೇಜಾರು ಮಾಡ್ಕೋಬೇಡ. ಬೆಳಿಗ್ಗೆ ನೋಡಿದ ನೀನೇನು ಮಾಡಕ್ಕಾಗ್ತಿತ್ತು."

ಗಾಡಿ ಕದಲಿತು. ಅವನು ಮೆಟ್ಟಿಲಿಳಿದು ನಾಲ್ಕು ಹೆಜ್ಜೆ ಹಿಂದೆಯೇ ಹೋದ. "ಅತ್ತಿಗೆ," ಅಂದ. ಅವರು ತಿರುಗಿದರು. ಹೇಳಬೇಕಾದ ಮಾತುಗಳು, ಅವನು ವರ್ಷಗಟ್ಟಲೆ ಚೀಟಿಗಳ ಮೇಲೆ ಸಾಲಾಗಿ ಜೋಡಿಸಿಟ್ಟ ಮಾತುಗಳೆಲ್ಲ, ಎತ್ತಿದೊಡನೆ ತಳ ಬಿಟ್ಟುಕೊಂಡವು. ಹೆಗಲಿನಿಂದ ಚೀಲ ಇಳಿಸಿ ಡಬ್ಬಿಯನ್ನು ಹೊರತೆಗೆದ. ಎರಡು ಕೈಯಲ್ಲೂ ಹಿಡಿದು ಅವರ ಮುಂದೆ ಚಾಚಿದ.

"ಇದೇನು, ಚಹಾಪುಡಿ ಯಾಕೋ?"

ಅವನು ಡಬ್ಬಿಯನ್ನು ಹಿಡಿದೇ ಇದ್ದ. ಅತ್ತಿಗೆ ಮುಚ್ಚಳ ತೆಗೆದರು. ಅದು ಬಿಗಿಯಾಗಿತ್ತು, ಉಗುರು ಹಾಕಿ ಎಬ್ಬಿಸಬೇಕಾಯಿತು. ಕಂಠದವರೆಗೆ ಹಿಟ್ಟಿನ ಬಣ್ಣದ ಪುಡಿ. ಬೆರಳಿಟ್ಟರು; ಬೆರಳು ಇಳಿಯಿತು, ಮೊದಲ ಗೆಣ್ಣು, ಎರಡನೆಯ ಗೆಣ್ಣು, ಬುಡದವರೆಗೂ, ತಳ ಸಿಗಲಿಲ್ಲ. ಬೆರಳು ಇನ್ನೂ ಅಲ್ಲೇ ಇರುವಾಗಲೇ ಅವರು ತಲೆ ಎತ್ತಿ ಅವನನ್ನು ನೋಡಿದರು. ಒಂದು ಬೆಳಗಿನಲ್ಲಿ ಇಷ್ಟು ಉದುರುವುದಿಲ್ಲ. ಅದನ್ನು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಮುಂದೆ ಹೋಗಿದ್ದ ಗಾಡಿ ನಿಂತಿತು. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಹಿತ್ತಲ ತಂತಿಯ ಮೇಲೆ ಬಟ್ಟೆ ಒಮ್ಮೆ ಅಲುಗಿದ ಸದ್ದಾಯಿತು.

ಅತ್ತಿಗೆ ಬೆರಳನ್ನು ತೆಗೆದು, ಅಂಟಿದ ಪುಡಿಯನ್ನು ನೆಲಕ್ಕೆ ಬೀಳಗೊಡದೆ ಡಬ್ಬಿಯೊಳಗೇ ಉದುರಿಸಿದರು. ಮುಚ್ಚಳ ಹಾಕಿ ಅಂಗೈಯಿಂದ ಒತ್ತಿದರು. ಮಡಿಸಿದ ಕಂಬಳಿಯನ್ನು ಕಂಕುಳಿಗೆ ಸರಿಸಿ, ಕೈ ಚಾಚಿದರು.

ಅವನು ಕೊಟ್ಟ.